ಚಾಚದ ತೋಳು

ಮಳೆ ನಿಂತು ಹೆಚ್ಚು ಹೊತ್ತಾಗಿರಲಿಲ್ಲ... ನರ್ಸರಿಯ ಗಾಜಿನ ಮಾಡಿನ ಮೇಲೆ ಉಳಿದ ಹನಿಗಳಲ್ಲಿ ಅಸ್ತಮಾನದ ಹೊಂಬೆಳಕು ಒಡೆದು ಸಹಸ್ರ ಚೂರುಗಳಾಗಿ, ಕೆಳಗೆ ಸಾಲಾಗಿಟ್ಟ ಎಳೆಯ ಗುಲಾಬಿ ಕಸಿಗಳ ಮೇಲೆ ಸುರಿಯುತ್ತಿತ್ತು. ಒದ್ದೆ ಮಣ್ಣಿನ ಪರಿಮಳ, ಚಿಗುರಿನ ನಸುಗೆಂಪು, ಎಲ್ಲಿಂದಲೋ ತೇಲಿಬರುವ ತಂಗಾಳಿ... ಸಹೃದಯನೇ, ಲೋಕವು ಇಷ್ಟು ಸುಂದರವಾಗಿ ತೋರುವ ಗಳಿಗೆಯಲ್ಲೇ ಎದೆಯೊಡೆಯಬೇಕೆ!

ಆ ಸಸಿಗಳ ಒಡತಿ ಈಗ ಮೂರು ತಿಂಗಳ ಗರ್ಭಿಣಿ. ತಿಂಗಳು ತಿಂಗಳೂ ಪರರ ರಕ್ತ ಪಡೆದು ಬದುಕಿ, ಮೀಸೆ ಮೂಡುವ ಮೊದಲೇ ತೀರಿಹೋದ ತಮ್ಮನನ್ನು ಅವಳು ಕಣ್ಣಾರೆ ಕಂಡವಳು. ಆ ವ್ಯಾಧಿಯ ಬೀಜ ಅವಳಲ್ಲೂ ಸುಪ್ತವಾಗಿತ್ತು. ಅವಳನ್ನದು ಬಾಧಿಸದು, ಆದರೆ ಕೈಹಿಡಿಯುವವನಲ್ಲೂ ಇದ್ದರೆ ಮಗುವಿಗೆ ರೋಗ ಬರಬಹುದು ಎಂದಿದ್ದರು ವೈದ್ಯೆ. ಅದಕ್ಕೇ ಮದುವೆಗೆ ಮುನ್ನ, ತನ್ನ ಕೈಹಿಡಿಯಲಿದ್ದ ಕನ್ನಡಕದಂಗಡಿಯ ಮೃದುಭಾಷಿಗೆ ಎಲ್ಲವನ್ನೂ ಬಿಚ್ಚಿ ಹೇಳಿ, "ನೀವೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ನಿಮ್ಮಲ್ಲೂ ಇದ್ರೆ, ಹೆರೋ ಆಸೆ ಬಿಟ್ಟುಬಿಡೋಣ" ಎಂದಿದ್ದಳು. ಅವನಲ್ಲಿ ಇಲ್ಲವೆಂಬ ಫಲಿತಾಂಶ ಬಂದಿತ್ತು. ಅಂದು ಅವಳು ಸಂತೋಷಕ್ಕೆ ಅತ್ತಿದ್ದಳು!

ಬಸ್ಸು ಓಡಿಸುವ ಮೈದುನ ಆ ಸಂಜೆ ಒಳಬಂದವನೇ ನಗೆಯಾಡಿದ. ಒಳಗೊಂದು ಹೊರಗೊಂದು ತಿಳಿಯದ ಹುಡುಗ!

"ಅತ್ತಿಗೆ, ಪಾಪು ಹುಟ್ಟಿದ್ಮೇಲೆ ಮೊದಲು ನನ್ನ ಕೈಗೇ ಕೊಡ್ಬೇಕು. ಅವತ್ತು ಸೂಜಿ ಚುಚ್ಚಿಸ್ಕೊಂಡೋನು ನಾನು ತಾನೇ!"

"ಯಾವತ್ತು?"

"ಮದುವೆಗೆ ಮುಂಚೆ. ಅಣ್ಣಂಗೆ ಸೂಜಿ ಕಂಡ್ರೆ ತಲೆ ತಿರುಗುತ್ತಲ್ಲ! 'ಒಂದೇ ಹೊಟ್ಟೇಲಿ ಹುಟ್ಟಿದೋರು, ರಕ್ತಾನೂ ಒಂದೇ. ನನ್ನ ಹೆಸರಲ್ಲಿ ನೀನೇ ಕೊಟ್ಟು ಬಾ' ಅಂದ. ನಿಮಗೆ ಹೇಳಿಲ್ವಾ?"

ಅವಳ ಕೈಯಲ್ಲಿದ್ದ ನೀರಿನ ಡಬ್ಬಿ ಓರೆಯಾಗಿ, ಒಂದೇ ಸಸಿಯ ಬುಡಕ್ಕೆ ನೀರೆಲ್ಲ ಸುರಿದುಹೋಯಿತು.

ಮನೆಯಲ್ಲಿ ಗಂಡ ದೀಪದ ಬಳಿ ಕುಳಿತು ಯಾರದೋ ಕನ್ನಡಕದ ಗಾಜನ್ನು ಒರೆಸುತ್ತಿದ್ದ. ಅವಳು ಕೂರಲಿಲ್ಲ.

"ಹೆದರಿದ್ದು ಸೂಜಿಗೇನಾ?"

ಅವನ ಕೈ ನಿಂತಿತು... ಕನ್ನಡಕವನ್ನು ಕೆಳಗಿಟ್ಟ.

"ಸೋದರತ್ತೆ ಮಗೂನೂ ನಿನ್ನ ತಮ್ಮನ ಹಾಗೇ ಹೋಯ್ತು ಅಂತ ಅಮ್ಮ ಹೇಳ್ತಿದ್ಳು. ನನ್ನಲ್ಲೂ ಇದ್ರೆ ನೀನು ಬೇಡ ಅಂತೀಯೇನೋ ಅಂತ..."

"ನಾನು ಬೇಡ ಅಂತಿದ್ದದ್ದು ಮಗೂನ. ನಿಮ್ಮನ್ನಲ್ಲ!"

ಅವಳು ನಂಬಿ ಕೂಡಿದ ರಾತ್ರಿಗಳೂ, ಇಬ್ಬರೂ ಕೂಡಿ ಹುಡುಕಿದ ಮುದ್ದು ಹೆಸರುಗಳೂ ಆ ಒಂದು ಸುಳ್ಳಿನ ಮೇಲೆ ನಿಂತಿದ್ದವೇ! ಒಡಲಲ್ಲಿರುವುದನ್ನು ಅವಳು ಆಗಲೇ ಪ್ರೀತಿಸಿಯಾಗಿತ್ತು. ಅದನ್ನೀಗ ಬೇಡವೆನ್ನುವುದಾದರೂ ಹೇಗೆ?

ಮರುದಿನ ಅವನ ತೋಳಿನಿಂದಲೇ ರಕ್ತ ತೆಗೆದರು. ಇತ್ತು, ಅವನಲ್ಲೂ ಇತ್ತು. ಮಗುವಿಗೆ ರೋಗ ಬರುವ ಭಯ ನಾಲ್ಕರಲ್ಲೊಂದು ಪಾಲು. ಗರ್ಭದಲ್ಲಿರುವ ಮಗುವಿನ ಪರೀಕ್ಷೆಯೇ ಆಗಬೇಕು ಎಂದರು ವೈದ್ಯೆ.

ಆ ಪರೀಕ್ಷೆಯ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು, "ನಾನೂ ಬರ್ಲಾ?" ಎಂದ.

"ಬನ್ನಿ... ಈ ಸಲಾನೂ ತಮ್ಮನ್ನೇ ಕಳಿಸ್ತೀರೇನೋ ಅಂದ್ಕೊಂಡಿದ್ದೆ."

ತೊಳೆದಿಟ್ಟಂತಿದ್ದ ಬೀದಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಆಹಾ, ಮಾನವ ಹೃದಯವೇ! ಕಳೆದುಕೊಳ್ಳುವ ಭಯಕ್ಕೆ ಪ್ರೇಮವು ಸುಳ್ಳಾಡುತ್ತದೆ. ಆ ಸುಳ್ಳನ್ನು ಹೊರುವುದು ಮಾತ್ರ ಇನ್ನೊಬ್ಬರ ಒಡಲು. ಕ್ಷಮೆ ಎಂದಾದರೊಂದು ದಿನ ಚಿಗುರೀತು... ಅವಳು ಅಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡೇ ನಡೆದಳು, ಅವನಿಗೆ ಕೊಡಲಿಲ್ಲ.