ನಾಲ್ಕನೇ ಬಾಬತ್ತು: ಸ್ವಿಚ್ಚು ಒಳಗೆ

೧

ಎಲ್ಲಿಂದ ಶುರು ಮಾಡುವುದು? ಮೊದಲು ಹೀಗೆ ಬರೆದೆ: "ಆ ಮನೆಯ ಬಚ್ಚಲಲ್ಲಿ ಬೆಳಕು ಸಾಲುತ್ತಿರಲಿಲ್ಲ." ಬರೆದವಳೇ ಹೊಡೆದು ಹಾಕಿದೆ. ಅದು ಸುಳ್ಳು. ಒಂಬತ್ತು ವಾಟಿನ ಬಲ್ಬು, ಬಾಗಿಲ ನೆತ್ತಿಯ ಮೇಲೆ, ಯಾವ ಕುಂದೂ ಇಲ್ಲದೆ ಉರಿಯುತ್ತಿತ್ತು. ಬೆಳಕು ಸಾಲುವುದಿಲ್ಲ ಎಂದವನು ಆ ಮನೆಯ ಮಗ. ಇನ್ನೂ ಅವನನ್ನು ಕಥೆಯೊಳಗೆ ಕರೆದೇ ಇಲ್ಲ, ಆಗಲೇ ನನ್ನ ಮೊದಲ ವಾಕ್ಯದಲ್ಲಿ ಕಾಲು ಚಾಚಿ ಕೂತಿದ್ದಾನೆ.

(ಬೆಳಕು ಅಂದ ಕೂಡಲೇ ಜ್ಞಾನ, ಸತ್ಯ ಎಂದು ಅರ್ಥ ಹುಡುಕಲು ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಇದು ಬಚ್ಚಲ ಬಲ್ಬು. ಅಂಗಡಿಯಲ್ಲಿ ಸಿಗುತ್ತದೆ.)

೨

ಎರಡನೇ ಸಲ.

ಮನೆಯಲ್ಲಿ ಮೂವರು. ಅಮ್ಮ. ಮಗ, ಪೀಠೋಪಕರಣದ ಶೋರೂಮಿನಲ್ಲಿ ಲೆಕ್ಕ ಬರೆಯುವವನು. ಅವನ ತಂಗಿ, ಮನೆಯಲ್ಲೇ ಕೂತು ಗಾರ್ಮೆಂಟಿನವರ ಅಂಗಿಗಳಿಗೆ ಕಾಜಾ ಹೊಲಿಯುವವಳು. ಗುಂಡಿ ತೂರುವ ತೂತಿಗೆ ಅಂಚು ಕಟ್ಟುವ ಆ ಕೆಲಸದ ಹೆಸರನ್ನೇ ಅಣ್ಣ ಅವಳಿಗಿಟ್ಟಿದ್ದಾನೆ. ಕಾಜಾ, ನೀರು ಕೊಡು. ಕಾಜಾ, ಬಾಗಿಲು ಹಾಕ್ಕೋ.

ಅವಳ ಮೆಷಿನ್ನು ಇರುವುದು ನಡುಮನೆಯಲ್ಲಿ, ಬಚ್ಚಲ ಬಾಗಿಲಿಗೆ ಎದುರಾಗಿ. ನಡುವೆ ನಾಲ್ಕು ಹೆಜ್ಜೆ. ಕೆಲಸ ಇರಲಿ ಇಲ್ಲದಿರಲಿ ತುಟಿಗಳ ನಡುವೆ ಎರಡು ಮೂರು ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ. ಬಾಯಲ್ಲಿ ಸೂಜಿ ಇದ್ದವರನ್ನು ಯಾರೂ ಮಾತಾಡಿಸುವುದಿಲ್ಲ. ಅದು ಅವಳಿಗೆ ಅನುಕೂಲ.

ಬಚ್ಚಲಿಗೆ ಕಿಟಕಿಯಿಲ್ಲ. ಬಾಗಿಲು ಹಾಕಿ ದೀಪ ಆರಿಸಿದರೆ ಹಾಡುಹಗಲೂ ಕಗ್ಗತ್ತಲೆ. ಸ್ವಿಚ್ಚು ಮಾತ್ರ ಹೊರಗೆ, ಬಾಗಿಲ ಪಕ್ಕ, ಹೋಗುವ ಬರುವವರ ಕೈಗೆ ಸಿಗುವಂತೆ. ಅಣ್ಣ ಅದರ ಮುಂದೆ ಹಾದಾಗಲೆಲ್ಲ ಟಕ್ಕನೆ ಆರಿಸುತ್ತಾನೆ. ಕರೆಂಟು ಉಳಿಸುತ್ತಾನಂತೆ. ಒಳಗಿನಿಂದ ಅಮ್ಮನ ದನಿ ಬರುತ್ತದೆ: "ಇದ್ದೀನಪ್ಪಾ ಒಳಗೆ." ಒಮ್ಮೊಮ್ಮೆ ಅವನು "ಓ" ಎಂದು ಮತ್ತೆ ಹಾಕುತ್ತಾನೆ. ಒಮ್ಮೊಮ್ಮೆ ಅಷ್ಟರಲ್ಲಿ ಬೀದಿಯಲ್ಲಿರುತ್ತಾನೆ.

೩

ಈ ಭಾಗ ಬರೆಯಲು ನನಗೆ ಇಷ್ಟವಿಲ್ಲ. ಬೇಗ ಮುಗಿಸುತ್ತೇನೆ.

ಬೆಳಿಗ್ಗೆ ಎಂಟೂವರೆ. ಅಣ್ಣನ ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಬೈಕಿನ ಕೀ. ಟಕ್. "ಇದ್ದೀನಪ್ಪಾ ಒಳಗೆ." ಅವನಿಗೆ ಕೇಳಲಿಲ್ಲ, ಹೋದ. ಕಾಜಾ ಎದ್ದಳು, ಸೂಜಿಯ ಕೆಳಗೆ ಸಿಕ್ಕಿದ್ದ ಬಟ್ಟೆಯನ್ನು ಬಿಡಿಸಿ ಒಂದು ಹೆಜ್ಜೆ ಇಟ್ಟಳು, ಎರಡಿಟ್ಟಳು. ಮೂರನೆಯದರ ಹೊತ್ತಿಗೆ ಒಳಗೆ ಚೊಂಬು ಉರುಳಿದ ಸದ್ದು. ಆಮೇಲೆ ಅಮ್ಮ ಬಿದ್ದ ಸದ್ದು.

ಎಡಗೈ ಮಣಿಕಟ್ಟು ಮುರಿದಿತ್ತು. ಡಾಕ್ಟರು ಕೇಳಿದ್ದಕ್ಕೆ ಅಮ್ಮ "ಕಾಲು ಜಾರ್ತು" ಎಂದಳು. ಸಂಜೆ ಮಗನಿಗೂ ಅದನ್ನೇ ಹೇಳಿದಳು. ಅವನು ಪ್ಲಾಸ್ಟರನ್ನು ಮುಟ್ಟಿ, ಬಚ್ಚಲಿಗೆ ಇಣುಕಿ, ಛಾವಣಿ ನೋಡಿ ತೀರ್ಪು ಕೊಟ್ಟ.

"ಬೆಳಕೇ ಸಾಲ್ದು ಇಲ್ಲಿ. ಬೀಳ್ದೆ ಇನ್ನೇನಾಗುತ್ತೆ? ಲೈಟಿಂಗ್ ಅಪ್‌ಗ್ರೇಡ್ ಮಾಡಿಸ್ಬಿಡೋಣ."

ಓದುಗರೇ, ನಿಮ್ಮ ಮೈ ಉರಿಯಲಿಲ್ಲವೇ? ನನ್ನದು ಉರಿಯಿತು. ಪೆನ್ನು ಇಟ್ಟು ಎದ್ದು ಎರಡು ಲೋಟ ನೀರು ಕುಡಿದು ಬಂದೆ.

೪

ವೈರಿಂಗ್ ಕೆಲಸದವನು ಬಂದ. ಗೋಡೆ ತಟ್ಟಿದ, ಬಲ್ಬು ನೋಡಿದ, ಸ್ವಿಚ್ಚು ನೋಡಿದ.

"ಬಲ್ಬು ಗಟ್ಟಿಮುಟ್ಟಾಗಿದೆಯಲ್ಲ ಸರ್. ಸ್ವಿಚ್ಚು ಯಾಕೆ ಆಚೆ ಇಟ್ಟಿದ್ದೀರಿ?"

"ಮೊದ್ಲಿಂದ ಹಾಗೇ ಇದೆ" ಎಂದ ಅಣ್ಣ.

"ದೀಪ ಬೇಕಾಗಿರೋದು ಒಳಗಿರೋರಿಗೆ, ಆರ್ಸೋ ಅಧಿಕಾರ ಆಚೆ ಇರೋರಿಗಾ? ಯಾವ ಸೀಮೆ ವ್ಯವಸ್ಥೆ ಇದು! ಎರಡು ಟೈಲ್ಸ್ ಒಡೆದು ಒಳಗೆ ತಂದ್ಬಿಡ್ತೀನಿ. ಹಾಕ್ಲಾಮ್ಮಾ ಲಿಸ್ಟಿಗೆ?"

"ನಂದೇನಪ್ಪ, ಅವ್ನು ಹೇಳ್ದಂಗೆ ಮಾಡು" ಎಂದಳು ಅಮ್ಮ.

ಆಗ ಕಾಜಾ ಬಾಯಿಂದ ಸೂಜಿ ತೆಗೆದಳು. "ಹಾಕಿ" ಎಂದಳು. ಮತ್ತೆ ಸೂಜಿ ಕಚ್ಚಿಕೊಂಡಳು.

ಆ ವಾರ ಅವಳಾಡಿದ ಮಾತು ಅದೊಂದೇ. ವೈರಿಂಗ್‌ನವನು ಬರೆದುಕೊಟ್ಟ ಚೀಟಿ ಹೀಗಿತ್ತು:

ಒಂದು, ಸುತ್ತ ದೀಪ ಉರಿಯುವ ಕನ್ನಡಿ (ಅಣ್ಣನ ಆಸೆ): ಮೂರು ಸಾವಿರದ ಇನ್ನೂರು.
ಎರಡು, ಛಾವಣಿಗೆ ಹೊಸ ದೀಪ: ಒಂಬೈನೂರು.
ಮೂರು, ಕೂಲಿ: ಸಾವಿರ.
ನಾಲ್ಕು, ಸ್ವಿಚ್ಚು ಒಳಗೆ: ಸಾವಿರದ ಐನೂರು.

೫

ಬಜೆಟ್ ಸಭೆ ಊಟದ ಮೇಜಿನ ಮೇಲೆ ನಡೆಯಿತು. ಅಣ್ಣ ಮೊಬೈಲಿನಲ್ಲಿ ಎಕ್ಸೆಲ್ ತೆರೆದ. ಎಕ್ಸೆಲ್ ತೆರೆದಾಗ ಅವನ ದನಿಯೇ ಬೇರೆ.

"ನಮ್ಮ ಬಜೆಟ್ ಆರು ಸಾವಿರ. ಇದು ಆರು ಸಾವಿರದ ಆರ್ನೂರು ಆಯ್ತು. ಆರ್ನೂರು ಓವರ್ರು. ಯಾವ್ದಾದ್ರೂ ಕಟ್ ಮಾಡ್ಲೇಬೇಕು." ಒಂದು ಕ್ಷಣವೂ ಯೋಚಿಸಲಿಲ್ಲ. "ನಾಲ್ಕನೇದು. ಈಗಿನ ಟೈಲ್ಸಿಗೆ ಮ್ಯಾಚ್ ಆಗೋದು ಸಿಗೋದೂ ಇಲ್ಲ."

"ಸರಿ ಬಿಡು" ಎಂದಳು ಅಮ್ಮ.

"ಈಗ ಒಂಬೈನೂರು ಉಳೀತು. ಕನ್ನಡಿ ಒಂದು ಸೈಜ್ ದೊಡ್ಡದೇ ತಗೊಳ್ಳೋಣ. ನಮ್ ಶೋರೂಮಲ್ಲಿ ಸ್ಟಾಫ್ ರೇಟು. ಕರೆಕ್ಟಾಗಿ ಆರು ಸಾವಿರ! ಹೆಂಗೆ?"

ಹೆಂಗೆ ಎಂದು ನನ್ನನ್ನು ಕೇಳಬೇಕಿತ್ತು. ಆರುನೂರು ಹೆಚ್ಚಾಯಿತೆಂದು ಸಾವಿರದ ಐನೂರು ಕತ್ತರಿಸುವುದು, ಮಿಕ್ಕ ಒಂಬೈನೂರರಲ್ಲಿ ತನ್ನ ಮುಖವನ್ನು ದೊಡ್ಡದಾಗಿ ನೋಡಿಕೊಳ್ಳುವುದು! ಇವನು ಡಿಗ್ರಿ ಮಾಡಿದವನು. ಏಳನೇ ಕ್ಲಾಸಿಗೆ ಬಿಟ್ಟ ಕಾಜಾ ಮಡಿಲಲ್ಲಿದ್ದ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅದೇ ಲೆಕ್ಕ ಮಾಡಿದ್ದಳು. ಸಣ್ಣ ಕನ್ನಡಿ, ಹಳೇ ಬಲ್ಬೇ ಸಾಕು, ಸ್ವಿಚ್ಚು ಒಳಗೆ: ಐದು ಸಾವಿರದ ಏಳುನೂರು. ಮುನ್ನೂರು ಉಳಿಯುತ್ತಿತ್ತು. ಬಟ್ಟೆಯನ್ನು ಎತ್ತಿ ತೋರಿಸಿದಳು ಕೂಡ.

"ನಿಂಗ್ಯಾಕೆ ಬಜೆಟ್ಟಿನ ಉಸಾಬರಿ ಕಾಜಾ? ಬಟ್ಟೆ ಗಲೀಜು ಮಾಡ್ಕೊಂಡ್ಯಲ್ಲ, ಝಾಡ್ಸು" ಎಂದ. ಅವಳು ಝಾಡಿಸಿದಳು. ಲೆಕ್ಕ ನೆಲಕ್ಕೆ ಉದುರಿತು.

೬

ಇಲ್ಲಿ ನನಗೂ ಕಾಜಾಗೂ ಜಗಳವಾಯಿತು.

"ಮೇಜು ಗುದ್ದಿ ಹೇಳು. 'ಆರಿಸಿದ್ದು ನೀನು' ಅಂತ. ಎರಡು ಪುಟದ ಭಾಷಣ ಬರೆದಿಟ್ಟಿದ್ದೀನಿ" ಎಂದೆ.

"ಅದು ನಿನ್ನ ಭಾಷಣ" ಎಂದಳು. "ನಂಗೆ ಅಷ್ಟು ಜೋರಾಗಿ ಬರಲ್ಲ. ಅಲ್ದೆ ಅಮ್ಮ ಅಲ್ಲೇ ಕೂತಿದ್ಲು. ಅವ್ಳು ಕಾಲು ಜಾರ್ತು ಅಂದಮೇಲೆ ನಾನು ಅಲ್ಲ ಅಂದ್ರೆ, ಅವ್ಳನ್ನ ಸುಳ್ಳಿ ಮಾಡ್ದಂಗಲ್ವಾ?"

ಭಾಷಣ ಹರಿದೆ. ಬೇರೆ ಮುಕ್ತಾಯ ಹುಡುಕಿದೆ. ವೈರಿಂಗ್‌ನವನು ಮರುಕಪಟ್ಟು ಪುಕ್ಕಟೆ ಮಾಡಿಕೊಡುತ್ತಾನೆ, ಕಾಜಾ ಅವನನ್ನು ನೋಡಿ ನಗುತ್ತಾಳೆ—

"ಥೂ. ಸ್ವಿಚ್ಚು ಹಾಕ್ಸೋಕೆ ಮದ್ವೆ ಆಗ್ಬೇಕಾ ನಾನು?"

ಅದೂ ಹೋಯಿತು. ಉಳಿದದ್ದು ಇದು: ಕಾಜಾ ಪ್ರತಿದಿನ ಅಮ್ಮ ಸ್ನಾನಕ್ಕೆ ಹೋದಾಗ ಮೆಷಿನ್ನು ನಿಲ್ಲಿಸಿ ಸ್ವಿಚ್ಚಿನ ಮುಂದೆ ನಿಂತುಕೊಳ್ಳುತ್ತಾಳೆ, ಕಾವಲಿಗೆ. (ಇದು ಕಲ್ಪನೆಯಲ್ಲ. ಅಮ್ಮ ಬಿದ್ದ ಮರುದಿನದಿಂದ ಅವಳು ಮಾಡುತ್ತಿರುವುದೇ ಅದು. ಸದ್ಯಕ್ಕೆ ಈ ಮನೆಯ ಲೈಟಿಂಗ್ ಅಪ್‌ಗ್ರೇಡ್ ಎಂದರೆ ಅವಳೇ.) ಇದಕ್ಕೆ ಅವಳು ಒಪ್ಪಿದಳು. ನಾನು ಒಪ್ಪಲಿಲ್ಲ.

೭

ಕನ್ನಡಿ ಬಂತು. ತಟ್ಟೆಯಂತೆ ದುಂಡಗೆ, ಸುತ್ತ ಬಿಳಿ ದೀಪದ ಬಳೆ. ಖರ್ಚು ಕಡಿಮೆಯಾಗಲೆಂದು ಹಳೇ ತಂತಿಯಿಂದಲೇ ಅದಕ್ಕೂ ಕರೆಂಟು ಕೊಟ್ಟರು. ಅಂದರೆ ಕನ್ನಡಿಗೂ ಛಾವಣಿಗೂ ಸೇರಿ ಒಂದೇ ಸ್ವಿಚ್ಚು. ಹೊರಗಿನದು.

"ನೋಡಮ್ಮಾ, ಹೋಟ್ಲು ಇದ್ದಂಗಿದೆ!" ಎಂದ ಅಣ್ಣ.

ಮರುದಿನ ಎಂಟು ಇಪ್ಪತ್ತು. ಅವನು ಒಳಗೆ, ಚಿಲಕ ಹಾಕಿಕೊಂಡು, ಶಿಳ್ಳೆ ಹಾಕುತ್ತಾ. ಮೊಬೈಲು ಹೊರಗೆ ಚಾರ್ಜಿಗಿದೆ. (ಅದನ್ನು ಅಲ್ಲಿಟ್ಟವಳು ನಾನು. ಇಲ್ಲದಿದ್ದರೆ ಟಾರ್ಚು ಹಾಕಿ ಕಥೆ ಕೆಡಿಸುತ್ತಾನೆ.) ಅವನ ಕೈಗೆ ರೇಜರ್ ಕೊಟ್ಟೆ.

"ರೇಜರ್ ಬೇಡ" ಎಂದಳು ಕಾಜಾ.

"ಇರಲಿ, ಸ್ವಲ್ಪ ಹೆದರಲಿ."

"ಬೇಡ ಅಂದೆ. ನಮ್ಮಣ್ಣ ಅವ್ನು. ಬಾಚಣಿಗೆ ಕೊಡು."

ಬಾಚಣಿಗೆ ಕೊಟ್ಟೆ. ಅವಳು ಮೆಷಿನ್ನು ಬಿಟ್ಟು ಎದ್ದಳು. ಒಂದು, ಎರಡು, ಮೂರು, ನಾಲ್ಕು.

ಟಕ್.

ಶಿಳ್ಳೆ ನಿಂತಿತು. "ಯಾರದು? ಏಯ್, ಒಳಗಿದ್ದೀನಿ!" ಬಾಚಣಿಗೆ ಬಿದ್ದ ಸದ್ದು. "ಒಳಗಿದ್ದೀನಿ ಅಂದ್ನಲ್ಲ! ಕಾಲಿಡೋಕೂ ಕಾಣ್ತಿಲ್ಲ ಇಲ್ಲಿ!"

ಅಡುಗೆಮನೆಯಿಂದ ಅಮ್ಮ ಬಂದಳು, ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು. ಸ್ವಿಚ್ಚಿನ ಮೇಲಿದ್ದ ಮಗಳ ಬೆರಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡು ಮೂರು ಬೈಗುಳ ಬರೆದಿದ್ದೆ. ಒಂದನ್ನೂ ಆಡಲಿಲ್ಲ. ಬೆರಳನ್ನು ಸರಿಸಲೂ ಇಲ್ಲ. ಬಾಗಿಲ ಸಂದಿಗೆ ಬಾಯಿಟ್ಟು, ಮೆತ್ತಗೆ ಹೇಳಿದಳು:

"ಗಾಬರಿ ಆಗ್ಬೇಡ ಕಂದಾ. ಬಲಗೈನ ಗೋಡೆಗೆ ಕೊಡು. ಒಂದು ಬಿರುಕು ಬಿಟ್ಟ ಟೈಲ್ಸು ಬೆರಳಿಗೆ ಸಿಗುತ್ತೆ, ಸಿಕ್ತಾ? ಅಲ್ಲಿಂದ ಅರ್ಧ ಹೆಜ್ಜೆಗೆ ನಲ್ಲಿ. ನಲ್ಲಿ ಹಿಡ್ಕೋಬೇಡ, ಅಲ್ಲಾಡುತ್ತೆ. ಕಾಲು ಎತ್ತಬೇಡ, ಎಳ್ಕೊಂಡು ಬಾ. ಆರು ಸಲ ಎಳೆದ್ರೆ ಚಿಲಕ."

ಕಾಲು ಎಳೆಯುವ ಸದ್ದು ಕೇಳಲಿಲ್ಲ. ಆಮೇಲೆ ಅವನ ದನಿ, ಎಕ್ಸೆಲ್ಲಿನದಲ್ಲ, ಬೇರೆಯದು:

"ಅಮ್ಮಾ... ಇಷ್ಟೆಲ್ಲ ನಿಂಗ್ಹೇಗೆ ಗೊತ್ತು?"

೮

ಕಾಜಾ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಟ್ಟುಕೊಂಡಳು.

ಅವಳೇನು ಹೇಳಿದಳು ಎಂದು ನನ್ನನ್ನು ಕೇಳಬೇಡಿ. ನಾಲ್ಕನೇ ಬಾಬತ್ತು ಚೀಟಿಗೆ ವಾಪಸು ಬಂತೇ ಎಂದೂ ಕೇಳಬೇಡಿ. ಬಂತು ಎಂದು ಬರೆದರೆ ನೀವು ಪುಸ್ತಕ ಮಡಿಚಿಟ್ಟು, ಹೋಗುವ ದಾರಿಯಲ್ಲಿ ನಿಮ್ಮ ಮನೆಯ ಬಚ್ಚಲ ದೀಪ ಆರಿಸಿ ಹೋಗುತ್ತೀರಿ. ನನಗೆ ಗೊತ್ತು, ನೋಡಿದ್ದೇನೆ.

ಇಷ್ಟು ಮಾತ್ರ ಹೇಳಬಲ್ಲೆ. ಅವನಿನ್ನೂ ಒಳಗಿದ್ದಾನೆ. ಬಲಗೈ ಬಿರುಕು ಬಿಟ್ಟ ಟೈಲ್ಸಿನ ಮೇಲಿದೆ. ಚಿಲಕಕ್ಕೆ ಇನ್ನು ಆರು ಸಲ ಕಾಲು ಎಳೆಯಬೇಕು. ನಾನು ಎಣಿಸುತ್ತಿದ್ದೇನೆ. ಒಂದು.