ಪೂರ್ತಿ ಚಾರ್ಜ್ ಮಾಡಿ ದಿಬ್ಬ ಇಳಿಯಬೇಡಿ

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆಯಿಂದ ಕಾಲು ಹೊರಗಿಟ್ಟರೆ ಇಳಿಜಾರು. ನಮ್ಮ ಲಾಂಗ್‌ಬೋರ್ಡ್ ಗುಂಪಿಗೆ ಅದೇ ಸುಖ. ಚಕ್ರದ ಮೇಲೊಂದು ಉದ್ದನೆಯ ಹಲಗೆ. ಕಾಲಿನಿಂದಲೇ ನೂಕಬೇಕು, ಕಾಲೂರಿಯೇ ನಿಲ್ಲಿಸಬೇಕು.

ಮಂಡಿ ಆಪರೇಷನ್ ಆದ ಮೇಲೆ ನಮ್ಮ ಗುಂಪಿನ ಮಾರಿಸೆಲಾಗೆ ಅದು ಆಗುತ್ತಿರಲಿಲ್ಲ. ಪಾಪ, ಭಾನುವಾರಗಳನ್ನೆಲ್ಲ ಕಿಟಕಿಯ ಪಕ್ಕ ಕಳೆದಳು. ನಮ್ಮ ಜೊತೆ ಬರಬೇಕೆಂಬ ಒಂದೇ ಆಸೆಗೆ ಕರೆಂಟಿನ ಸ್ಕೇಟ್‌ಬೋರ್ಡ್ ಕೊಂಡಳು. ಓಡಿಸುವುದಕ್ಕೂ ಬ್ರೇಕಿಗೂ ಕೈಯಲ್ಲೊಂದು ರಿಮೋಟ್.

ದಿಬ್ಬದ ತುದಿಯ ಅವಳ ಮನೆ ಮುಂದೆ ಬೆಳಿಗ್ಗೆ ಸೇರಿದೆವು. ನಮ್ಮ ಡ್ವೇನ್ ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ.

"ಏನಮ್ಮಾ, ಇಸ್ತ್ರಿ ಪೆಟ್ಟಿಗೆ ಮೇಲೆ ಹತ್ತಿ ಹೊರಟ್ಯಾ?"

"ನಿನ್ನ ಬಾಯಿಗೂ ಒಂದು ರಿಮೋಟ್ ತರ್ತೀನಿ, ಇರು!"

ಮಾರಿಸೆಲಾ ಹೆಲ್ಮೆಟ್ ಬಿಗಿದಳು. ನಮ್ಮಲ್ಲಿ ಕರೆಂಟಿನ ಹಲಗೆಯಲ್ಲೂ ಪಳಗಿದ ಕೈ ಎಂದರೆ ಒಡೆಟ್, ಅವತ್ತು ಅವಳೂ ಕಾಲಿನ ಹಲಗೆಯಲ್ಲೇ ಬಂದಿದ್ದಳು. ಅವಳು ಕೇಳಿದಳು, "ಚಾರ್ಜ್ ಎಷ್ಟಿದೆ?"

"ಪೂರ್ತಿ! ನಿಮ್ಮಿಂದ ಹಿಂದೆ ಬೀಳಬಾರದಲ್ಲ."

"ಹಾಗಾದ್ರೆ ಈಗ ಇಳೀಬೇಡ ಕಣೇ, ಬ್ರೇಕ್ ಹೋದೀತು."

ಮಾರಿಸೆಲಾಳ ಮುಖ ಸಣ್ಣದಾಯಿತು. "ನಾನು ಬರೋದು ನಿಮಗೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳು. ಹೊಸ ಬೋರ್ಡು, ಬ್ರೇಕ್ ಯಾಕೆ ಹೋಗುತ್ತೆ?"

"ಅಯ್ಯೋ, ಕೇಳೇ ಇಲ್ಲಿ. ಬ್ರೇಕ್ ಒತ್ತಿದಾಗ ಹುಟ್ಟೋ ಕರೆಂಟು ವಾಪಸ್ ಬ್ಯಾಟರಿಗೆ ಹೋಗುತ್ತೆ. ತುಂಬಿದ ಕೊಡಕ್ಕೆ ಇನ್ನೂ ನೀರು ಸುರಿದ್ರೆ ಹಿಡಿಯುತ್ತಾ? ಬ್ಯಾಟರೀಲಿ ಜಾಗ ಇಲ್ಲದಿದ್ರೆ ಇಳಿಜಾರಿನ ಮಧ್ಯೆ ಬ್ರೇಕ್ ಕೈಕೊಡಬಹುದು. ಕಾಲೂರಿ ನಿಲ್ಲಿಸೋಕೆ ನಿನ್ನ ಮಂಡಿ ಬಿಡುತ್ತಾ?"

ಮಾರಿಸೆಲಾ ಹೆಲ್ಮೆಟ್ ಬಿಚ್ಚಿದಳು. "ನೀವು ಹೋಗಿ. ನನಗೆ ಮನೇಲಿ ಕೂತು ಅಭ್ಯಾಸ ಇದೆ."

ಡ್ವೇನ್ ತನ್ನ ಹಲಗೆಯನ್ನು ಮೇಲಿನ ಸಪಾಟು ರಸ್ತೆಯ ಕಡೆ ತಿರುಗಿಸಿದ. "ಯಾಕೆ ಕೂರ್ತೀಯ? ಪಾರ್ಕ್ ಸುತ್ತಿ ಬರೋಣ, ಚಾರ್ಜ್ ಇಳೀಲಿ."

ಸಪಾಟು ರಸ್ತೆಯೆಂದರೆ ನಮಗೆ ಸಪ್ಪೆ ಊಟ. ಆದರೂ ಎಲ್ಲರೂ ಹೊರಟೆವು. ನಾವು ನೂಕಿ ನೂಕಿ ಬೆವರಿದೆವು. ಮಾರಿಸೆಲಾ ಆರಾಮಾಗಿ ಮುಂದೆ.

"ಡ್ವೇನಪ್ಪಾ, ಹಿಂದಿನಿಂದ ತಳ್ಳಲಾ?"

ಬ್ಯಾಟರಿ ಸಾಕಷ್ಟು ಇಳಿದಿದೆಯೆಂದು ಒಡೆಟ್ ನೋಡಿದ ಮೇಲೆಯೇ ನಿಧಾನವಾಗಿ ದಿಬ್ಬ ಇಳಿದೆವು. ಅರ್ಧ ದಾರಿಯಲ್ಲಿ ಒಂದು ಕಾರು ಗ್ಯಾರೇಜಿನಿಂದ ಹಿಮ್ಮುಖವಾಗಿ ರಸ್ತೆಗೆ ಬಂತು. ನಾವು ಕಾಲೂರಿದೆವು. ಮಾರಿಸೆಲಾ ಬ್ರೇಕ್ ಒತ್ತಿದಳು. ಹಲಗೆ ನಿಂತಿತು.

"ಆಗಲೇ ಇಳಿದಿದ್ರೆ?" ಎಂದಳು. ಡ್ವೇನ್ ಹೋಗಿ ಅವಳ ಕೈ ಹಿಡಿದುಕೊಂಡ.

ಕರೆಂಟಿನ ಹಲಗೆಯವರೇ, ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಇಳಿಜಾರಿಗೆ ಹೋಗಬೇಡಿ. ಮೊದಲು ಸಪಾಟಿನಲ್ಲಿ ಓಡಿಸಿ, ಬ್ರೇಕ್ ಪರೀಕ್ಷಿಸಿ. ಹೆಲ್ಮೆಟ್ ಬೇಕೇ ಬೇಕು. ಕಾಲಿಂದ ನೂಕುವವರೇ, ನೀವೂ ಚಾರ್ಜ್ ಎಷ್ಟಿದೆಯೆಂದು ಒಂದು ಮಾತು ಕೇಳಿ, ಅವರೊಡನೆ ಒಂದು ಸುತ್ತು ಹಾಕಿ. ದಿಬ್ಬ ಎಲ್ಲಿಗೂ ಓಡಿಹೋಗುವುದಿಲ್ಲ.