ದಿಬ್ಬಾಸುರನ ಗೋಣಿಚರ್ಮ

ದಿಬ್ಬಾಸುರನ ಬೆನ್ನಿನ ಜಿಪ್ ಕಾಣುತ್ತಿತ್ತು. ಬಂಗಾರಪೇಟೆಯ ಲಾಡ್ಜಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಕಾಂತರಾಜ್ ಮೊದಲು ನಕ್ಕಿದ್ದು ಅದಕ್ಕೇ. ಸಣ್ಣ ಸಿನಿಮಾಗಳನ್ನು ಕೊಂಡು ಮೊಬೈಲಿನಲ್ಲಿ ತೋರಿಸುವ ಬೆಂಗಳೂರಿನ ಸಂಸ್ಥೆಯವನು ಆತ. ಗೋಡೆಗೆ ಒರಗಿ ನಿಂತಿದ್ದ ಸೆಲ್ವಿಗೆ ಬೇಸರವಾಗಲಿಲ್ಲ. ಆ ಜಿಪ್ ಹೊಲಿದವಳೂ ಅವಳೇ, ಅದರೊಳಗೆ ನಿಂತು ಬೆವರಿದವಳೂ ಅವಳೇ, ಸಿನಿಮಾದ ನಿರ್ದೇಶಕಿಯೂ ಅವಳೇ. ರಾಕ್ಷಸನನ್ನು ಕಂಡರೆ ಮೊದಲು ನಗು ಬರಬೇಕು, ಆಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಅವಳು ಹೊಲಿದದ್ದೇ ಹಾಗೆ.

ದಿಬ್ಬಾಸುರ ಹುಟ್ಟಿದ್ದು ಊರಿಗಾಂ ಲೈನಿನ, ಅಂದರೆ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ, ಓಣಿಯಲ್ಲಿ. ವಾರವೆಲ್ಲ ಬೆಳಗಿನ ರೈಲು ಹತ್ತಿ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಂಡವರ ಅಂಗಿಗೆ ಕಾಲರ್ ಕೂಡಿಸುವ ಸೆಲ್ವಿಯ ಕೈ ಭಾನುವಾರ ಬಂತೆಂದರೆ ರಾಕ್ಷಸನನ್ನು ಹೊಲಿಯುತ್ತಿತ್ತು. ಬೂದಿಕೋಟೆಯ ಗೋಪಿ, ಕ್ಯಾಮೆರಾ ಹಿಡಿಯುವವನು, ತನ್ನ ಮನೆಯ ಹಸುಗಳು ತಿಂದು ಖಾಲಿ ಮಾಡಿದ ಹಿಂಡಿಯ ಗೋಣಿಚೀಲಗಳನ್ನು ಹೊತ್ತು ತರುತ್ತಿದ್ದ. ಮೈಗೆ ಗೋಣಿ, ಬೆನ್ನುಮೂಳೆಗೆ ಲಾರಿ ಟ್ಯೂಬು, ಹಲ್ಲಿಗೆ ಕೊಯ್ದ ಪೈಪು, ಕಣ್ಣಿಗೆ ಸೆಲ್ವಿಯ ಅಪ್ಪನ ಗಣಿ ಟೋಪಿಯ ದೀಪ. ಮೇಲೆ ಗೋಂದು ಬಳಿದು ರಾಗಿ ಹೊಟ್ಟು ಉದುರಿಸಿದರೆ ಥೇಟ್ ಊರ ಪಕ್ಕದ ಸೈನೈಡ್ ದಿಬ್ಬದ ಬಣ್ಣ. ಬಾಯಿಂದ ಹೊಗೆ ಬರಲೆಂದು ಸಾಂಬ್ರಾಣಿ ಇಟ್ಟರೆ ಮೊದಲ ದಿನವೇ ದವಡೆಗೆ ಬೆಂಕಿ ಹತ್ತಿತು. ಗೋಪಿ ಬಿಂದಿಗೆ ನೀರು ಸುರಿದು ರಾಕ್ಷಸನ ಜೊತೆಗೆ ನಿರ್ದೇಶಕಿಯನ್ನೂ ಉಳಿಸಿಕೊಂಡ.

ಕಥೆ ಸುಲಭದ್ದು. ಚಿನ್ನ ತೆಗೆದುಕೊಂಡು ಹೋದವರು ಅರೆದ ಕಲ್ಲನ್ನೂ ವಿಷವನ್ನೂ ಊರಿನ ಪಕ್ಕ ಗುಡ್ಡೆ ಹಾಕಿ ಹೋಗಿದ್ದಾರೆ. ಗಾಳಿ ಬೀಸಿದಾಗಲೆಲ್ಲ ಅದು ಜನರ ಅನ್ನದ ತಟ್ಟೆಗೆ ಬಂದು ಕೂರುತ್ತದೆ. ಒಂದು ದಿನ ಆ ದಿಬ್ಬವೇ ಎದ್ದು ನಿಂತು, ಕಂಪನಿಯ ಆಫೀಸು ಹುಡುಕಿಕೊಂಡು ಹೊರಡುತ್ತದೆ.

ರಾಕ್ಷಸನಿಗೆ ಕೂಗು ಬೇಕಿತ್ತು. ಗೋಪಿ ಬಂಗಾರಪೇಟೆಯ ಗುಜರಿ ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ಹಳೆಯ ಸೈರನ್ ಒಂದನ್ನು ಹುಡುಕಿ ತಂದ. ಬೀಗ ಜಡಿದ ಗಣಿ ಗೇಟಿನ ಮುಂದೆ ಚಿತ್ರೀಕರಣ. ಸೆಲ್ವಿ ವೇಷದೊಳಗೆ ಸೇರಿದಳು, ಗೋಪಿ ಕ್ಯಾಮೆರಾ ಚಾಲೂ ಮಾಡಿ ಸೈರನ್ ತಿರುಗಿಸಿದ. ಲೈನಿನಲ್ಲೇ ಹುಟ್ಟಿದ ಸೆಲ್ವಿಗಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಪಾಳಿ ಬದಲಾಗದ ಹೊತ್ತಿನಲ್ಲಿ ಸೈರನ್ ಕೂಗಿದರೆ ಲೈನಿನ ಹೆಂಗಸರಿಗೆ ಅದಕ್ಕೆ ಒಂದೇ ಅರ್ಥ. ಕೆಳಗೆ ಬಂಡೆ ಸಿಡಿದಿದೆ.

ಗಣಿ ಮುಚ್ಚಿ ಎರಡು ದಶಕ ದಾಟಿದೆ, ಕೆಳಗೆ ನೀರು ಬಿಟ್ಟರೆ ಯಾರೂ ಇಲ್ಲ. ಅದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರದ ಮಂಡಿಗಳು ಓಡಿ ಬಂದವು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮುದುಕಿಯರು ಗೇಟಿನ ಮುಂದೆ ನಿಂತರು, ಹಿಂದೆ ನಿಲ್ಲುತ್ತಿದ್ದ ಹಾಗೆಯೇ. ಎಲ್ಲರಿಗಿಂತ ಮುಂದೆ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಪಕ್ಕದ ಮನೆಯ ಕದಿರಮ್ಮ. ಆಕೆಯ ಗಂಡ ಕೋದಂಡಪ್ಪ ಪಾಳಿಗೆ ಇಳಿದವನು ಮೇಲಕ್ಕೆ ಬರಲೇ ಇಲ್ಲ, ಹೆಣವಾಗಿ ಕೂಡ.

ಕದಿರಮ್ಮ ನೆಟ್ಟಗೆ ನಡೆದು ಬಂದು ದಿಬ್ಬಾಸುರನ ಎದೆಗೆ ಕೈ ಹಾಕಿದಳು.

"ಎಲ್ಲಲಾ ನನ್ ಗಂಡ? ಕೆಳಗಿಂದ ತಾನೆ ಬಂದಿದ್ದೀಯ? ಯೋಳು. ಎಲ್ಲಿ ಮಡಗಿದ್ದೀಯ ಅವನ್ನ?"

ಗೋಣಿಯೊಳಗೆ ಸೆಲ್ವಿ ನಿಂತಲ್ಲೇ ನಿಂತಳು. ಗೋಪಿಗೆ ಕ್ಯಾಮೆರಾ ನಿಲ್ಲಿಸಬೇಕೆಂಬುದೇ ಮರೆತುಹೋಯಿತು. ಕದಿರಮ್ಮ ಹಿಡಿದು ಅಲುಗಾಡಿಸಿದ ರಭಸಕ್ಕೆ ರಾಕ್ಷಸನ ಎದೆ ಹರಿದು, ಒಂದು ಹಿಡಿ ಗೋಣಿನಾರು ಆಕೆಯ ಮುಷ್ಟಿಗೆ ಬಂತು.

ಆಮೇಲೆ ಸೆಲ್ವಿ ರಾಕ್ಷಸನ ತಲೆ ಕಳಚಿ, ಆಕೆಯ ಕಾಲ ಬಳಿ ಕೂತು, ತಪ್ಪಾಯ್ತು ಅವ್ವಾ, ತೆಗೆದದ್ದನ್ನೆಲ್ಲ ಅಳಿಸಿಬಿಡುತ್ತೇನೆ ಅಂದಳು. ಕದಿರಮ್ಮ ಯಾರೋ ತಂದ ಟೀ ಕುಡಿದು ಮುಗಿಸಿದಳು.

"ಅಳಿಸ್ಬೇಡ," ಅಂದಳು ಕೊನೆಗೆ. "ಆವತ್ತೂ ಈ ಗೇಟ್ನಾಗೇ ನಿಂತು ಕೇಳಿದ್ನಲ್ಲ, ಕಂಪನಿಯ ಒಬ್ಬ ದೊರೆನೂ ಆಚೀಕ್ ಬರ್ಲಿಲ್ಲ. ನಿನ್ ದೆವ್ವನಾದ್ರೂ ನಿಂತ್ಕಂಡು ಕೇಳಿಸ್ಕಂತು."

ಹರಿದ ಎದೆಯನ್ನು ಸೆಲ್ವಿ ಮತ್ತೆ ಹೊಲಿಯಲಿಲ್ಲ.

ಲಾಡ್ಜಿನಲ್ಲಿ ಆ ದೃಶ್ಯ ಬಂದಾಗ ಕಾಂತರಾಜನ ನಗು ನಿಂತಿತು. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದ. ಸಿನಿಮಾ ಮುಗಿದ ಮೇಲೆ, ತಗೋತೀವಿ ಅಂದ. ಪಕ್ಕದಲ್ಲಿದ್ದ ಗೋಪಿಯ ಮುಖ ಅರಳಿತು. ಕಾಂತರಾಜ್ ಮುಂದುವರಿಸಿದ. ಈ ಅಜ್ಜಿಯ ದೃಶ್ಯ ಒಂದೇ ಸಾಕು, ಆದರೆ ಈ ಗೋಣಿಚೀಲ ನಡೆಯುವುದಿಲ್ಲ. ತಮ್ಮ ಹುಡುಗರು ಕಂಪ್ಯೂಟರಿನಲ್ಲಿ ಒಳ್ಳೆಯ ರಾಕ್ಷಸನನ್ನು ಮಾಡಿ ಕೂರಿಸುತ್ತಾರೆ. ಆಮೇಲೆ ಗಣಿ, ಕಂಪನಿ, ದಿಬ್ಬ ಅನ್ನುವುದೆಲ್ಲ ಸುಮ್ಮನೆ ತಲೆನೋವು. ರಾಕ್ಷಸ ಆಕಾಶದಿಂದ ಇಳಿದ ಅಂತ ಮಾಡಿದರಾಯಿತು.

ಸೆಲ್ವಿ ಒಂದೇ ಪ್ರಶ್ನೆ ಕೇಳಿದಳು. ಅವ್ವನ ಮುಷ್ಟಿಯಲ್ಲಿ ಗೋಣಿನಾರು ಇದೆಯಲ್ಲ, ಅದಕ್ಕೇನು ಮಾಡುತ್ತೀರಿ?

"ಅದನ್ನೂ ಅಳಿಸ್ತಾರೆ ಮೇಡಂ. ಗೊತ್ತೇ ಆಗಲ್ಲ."

"ಅಂದ್ರೆ ಅವ್ವ ಗಾಳೀನ ಇಡ್ಕಂಡು ಕೇಳ್ಬೇಕು," ಅಂದಳು ಸೆಲ್ವಿ. "ಆವತ್ತೂ ಗಾಳೀನೇ ಕೇಳಿದ್ಲು ಸಾರ್. ಕಂಪನಿ ಒಳೀಕೆ ಕೈ ಆಕಿದ್ರೆ ಮನುಷ್ಯನೇ ಸಿಗ್ಲಿಲ್ಲ. ನಮ್ ರಾಕ್ಷಸನ ಒಳಗೆ ಒಬ್ಬ ಮನುಷ್ಯ ಅವ್ನೆ. ಅದು ಗೊತ್ತಾಗ್ಲಿ ಅಂತಾನೇ ಜಿಪ್ಪು."

ಹೀಗಂದು ತನ್ನ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡಳು.

ಊರಿಗಾಂ ಕಡೆಗೆ ಹೊರಟ ರೈಲಿನಲ್ಲಿ ಗೋಪಿ ಕಿಟಕಿಗೆ ಮುಖ ಹಾಕಿ ಕೂತ. ತನ್ನ ಕ್ಯಾಮೆರಾ ಕೆಲಸವನ್ನು ನಾಡೆಲ್ಲ ನೋಡುತ್ತಿತ್ತು, ಒಂದು ಮಾತಿಗೆ ಎಲ್ಲ ಹೋಯಿತು ಎಂಬ ಉರಿ. ಸೆಲ್ವಿ ಸಮಾಧಾನ ಮಾಡಲು ಹೋಗಲಿಲ್ಲ. ಬಲಗಡೆ ದಿಬ್ಬ ಕಾಣಿಸಿಕೊಂಡಿತು, ಬೂದು ಬಣ್ಣ, ಬೋಳು ಬೆನ್ನು. ಅದನ್ನೇ ನೋಡುತ್ತಿದ್ದ ಗೋಪಿ ಮುಖ ತಿರುಗಿಸದೆಯೇ ಕೇಳಿದ.

"ಅಕ್ಕಾ, ಪರದೆ ಎಲ್ಲಿ ಕಟ್ಟೋದು?"

"ಗೇಟ್‌ಗೇ."

ಮುಂದಿನ ಭಾನುವಾರ ಮುಸ್ಸಂಜೆ, ಪಂಚೆಗಳನ್ನು ಜೋಡಿಸಿ ಹೊಲಿದ ಪರದೆಯನ್ನು ಗಣಿಯ ಗೇಟಿಗೇ ಬಿಗಿದರು. ಲೈನಿಗೆ ಲೈನೇ ಚಾಪೆ ಹಿಡಿದುಕೊಂಡು ಬಂತು. ಜಿಪ್ ಕಂಡ ಕೂಡಲೇ ಜನ ಬಿದ್ದು ಬಿದ್ದು ನಕ್ಕರು. ಹಾಕ್ಕೋ ಸೆಲ್ವಕ್ಕ, ಚಳಿಗಾಳಿ ನುಗ್ತದೆ ಅಂತ ಯಾರೋ ಕಿಚಾಯಿಸಿದರು.

ಆಮೇಲೆ ಸೈರನ್ ಕೂಗಿತು. ಈ ಸಲ ಯಾರೂ ಓಡಲಿಲ್ಲ. ಎಲ್ಲರೂ ಆಗಲೇ ಗೇಟಿನ ಮುಂದೆ ಕೂತಿದ್ದರು.

ಪರದೆಯ ಮೇಲಿನ ಕದಿರಮ್ಮ ರಾಕ್ಷಸನ ಎದೆ ಹಿಡಿದು ತನ್ನ ಗಂಡನನ್ನು ಕೇಳಿದಳು. ಚಾಪೆಯ ಸಾಲಿನಿಂದ ಇನ್ನೊಬ್ಬ ಮುದುಕಿ ಮುತ್ಯಾಲಮ್ಮನ ಒಡಕು ದನಿ ಎದ್ದಿತು.

"ನಮ್ಮೋನ್ನೂ ಕೇಳೇ ಕದಿರಿ."

ನಮ್ಮಣ್ಣನ್ನೂ ಕೇಳು, ಅಂತ ಇನ್ನೊಂದು ದನಿ. ನಮ್ಮಪ್ಪನ್ನೂ. ಒಂದೊಂದಾಗಿ ಹೆಸರುಗಳು ಏಳತೊಡಗಿದವು, ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ. ಸಿನಿಮಾದ ಮಾತು ಯಾರಿಗೂ ಕೇಳಿಸದ ಹಾಗಾಯಿತು.

ಕಡೆಗೆ ದಿಬ್ಬಾಸುರ ಕಂಪನಿಯ ಆಫೀಸಿನ ಮುಂದೆ ಬಂದು ನಿಂತ. ಆಫೀಸೆಂದರೆ ರಟ್ಟಿನ ಡಬ್ಬಗಳಿಗೆ ಸುಣ್ಣ ಬಳಿದದ್ದು. ಮೇಲ್ಛಾವಣಿ ಎಳೆಯುವ ದಾರ ಢಾಳಾಗಿ ಕಾಣುತ್ತಿತ್ತು. ರಾಕ್ಷಸ ಕಾಲೆತ್ತಿ ತುಳಿದ. ಆಫೀಸು ಅಪ್ಪಚ್ಚಿಯಾಯಿತು.

ಮುಂದಿನ ಸಾಲಿನಲ್ಲಿ ಕದಿರಮ್ಮ ಎದ್ದು ನಿಂತಳು. ಎರಡೂ ಕಾಲಿಗೆ ಚಪ್ಪಲಿ ಇತ್ತು.

"ಲೋ ಗೋಪಿ, ಇನ್ನೊಂದ್ ಕಿತ ತುಳಿಸಲಾ."

ಗೋಪಿ ಹಿಂದಕ್ಕೆ ಓಡಿಸಿದ. ಚಪ್ಪಟೆಯಾದ ಆಫೀಸು ಎದ್ದು ನಿಂತಿತು. ರಾಕ್ಷಸ ಮತ್ತೆ ಕಾಲೆತ್ತಿದ.